2,999 ರೂಪಾಯಿಯ ‘ಗಂಡಸಾಗುವ’ ಕೋರ್ಸ್: ತಮ್ಮನ ಜೊತೆ ಕೂತು ಪೂರ್ತಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ಹುಡುಗರನ್ನು ‘ಗಂಡಸು’ ಮಾಡುತ್ತೇನೆ ಅಂತ ಮಾರುವ ಈ ವಿಡಿಯೋ ಕೋರ್ಸ್ ತಗೊಳ್ಳಬೇಡಿ. ನಿಮ್ಮ ಮನೆಯಲ್ಲಿ ಹೈಸ್ಕೂಲೋ ಪಿಯುಸಿಯೋ ಓದುವ ಹುಡುಗ ಇದ್ದರೆ ಅವನು ಆಗಲೇ ತಗೊಂಡಿದ್ದರೂ ಇರಬಹುದು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಮಾರುವವನ ಹೆಸರು ಹಾಕುವುದಿಲ್ಲ. ಹಾಕಿದರೆ ಅವನಿಗೆ ಇನ್ನಷ್ಟು ಜನ ಸಿಗುತ್ತಾರೆ ಅಷ್ಟೇ. ಇಂಥ ಕೋರ್ಸುಗಳು ಬೇಕಾದಷ್ಟಿವೆ, ಲೋಗೋ ಬೇರೆ ಬೇರೆ, ಒಳಗಿನ ಸರಕು ಒಂದೇ.

ಕೊಂಡವನು ನನ್ನ ತಮ್ಮ. ಹದಿನಾರು ವರ್ಷ, ತಿಪಟೂರಿನಲ್ಲಿ ಪಿಯುಸಿ. ದುಡ್ಡು ಅಮ್ಮನ ಫೋನಿನಿಂದ ಯುಪಿಐನಲ್ಲಿ ಹೋಗಿದೆ. ಅಮ್ಮ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ, ಲೈನಿಂಗ್ ಹಾಕಿ ಒಂದಕ್ಕೆ 350. ಅಂದರೆ ಈ ಕೋರ್ಸಿಗೆ ಹೆಚ್ಚುಕಮ್ಮಿ ಒಂಬತ್ತು ಬ್ಲೌಸ್. ಹನ್ನೊಂದನೇ ವಿಡಿಯೋದಲ್ಲಿ ‘ದುಡಿಯೋದು ಗಂಡು, ಉಡಾಯಿಸೋದು ಹೆಣ್ಣು’ ಅಂತ ಒಂದು ಮಾತು ಬರುತ್ತದೆ. ಅದನ್ನು ನೋಡುವಾಗ ಪಕ್ಕದ ರೂಮಿನಲ್ಲಿ ಅಮ್ಮನ ಮಷೀನ್ ಓಡುತ್ತಲೇ ಇತ್ತು. ನಾನು ವಿಡಿಯೋ ನಿಲ್ಲಿಸಿದೆ. ಏನೂ ಹೇಳಲಿಲ್ಲ. ತಮ್ಮ ತಲೆ ತಗ್ಗಿಸಿಕೊಂಡು ಕೂತ.

ವಿಷಯ ಗೊತ್ತಾದದ್ದು ಆಯುಧಪೂಜೆಗೆ ಬೆಂಗಳೂರಿನಿಂದ ಊರಿಗೆ ಹೋದಾಗ. ಅಮ್ಮ ಹಿತ್ತಲಿಗೆ ಕರೆದುಕೊಂಡು ಹೋಗಿ, ‘ಇವನು ಒಂದು ವಾರದಿಂದ ನನ್ನ ಹತ್ರ ಮಾತೇ ಆಡ್ತಿಲ್ಲ ಕಣೇ, ಏನಾಯ್ತೋ ಸ್ವಲ್ಪ ಕೇಳು’ ಅಂದಳು. ಊಟಕ್ಕೆ ಬರುತ್ತಾನೆ, ತಿನ್ನುತ್ತಾನೆ, ತಟ್ಟೆ ಇಟ್ಟು ಹೋಗುತ್ತಾನೆ. ಏನು ಕೇಳಿದರೂ ಮುಖ ನೋಡುತ್ತಾನೆ, ಬಾಯಿ ಬಿಡುವುದಿಲ್ಲ. ಅಮ್ಮ ಏನೇನೋ ಅಂದುಕೊಂಡಿದ್ದಾಳೆ. ಕಾಲೇಜಿನಲ್ಲಿ ಯಾರೋ ಹೊಡೆದಿರಬೇಕು, ಪರೀಕ್ಷೆಯಲ್ಲಿ ಹೋಗಿರಬೇಕು, ಯಾರದೋ ಕಣ್ಣು ಬಿದ್ದಿರಬೇಕು. ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿಯೂ ತೆಗೆದಿದ್ದಾಳೆ. ಅದಕ್ಕೂ ಅವನು ಸುಮ್ಮನೆ ಕೂತು ತೆಗೆಸಿಕೊಂಡಿದ್ದಾನೆ.

ಅದು ಹೋಂವರ್ಕ್ ಆಗಿತ್ತು.

ಹತ್ತೊಂಬತ್ತನೇ ವಿಡಿಯೋ. ‘ಏಳು ದಿನದ ಮೌನ’ ಅಂತ ಹೆಸರು. ಮನೆಯ ಹೆಂಗಸರು ಏನು ಕೇಳಿದರೂ ಉತ್ತರ ಕೊಡಬಾರದು. ಅವರು ಗೋಗರೆಯುತ್ತಾರೆ, ಅಳುತ್ತಾರೆ, ಅದನ್ನು ನೋಡಿಕೊಂಡು ಅಲ್ಲಾಡದೆ ಇರುವುದು ಕಲಿತರೆ ಹೊರಗಿನ ಹುಡುಗಿಯರು ನಿನ್ನನ್ನು ಏನೂ ಮಾಡೋಕಾಗಲ್ಲ ಅಂತ ಪಾಠ. ಪ್ರತಿ ರಾತ್ರಿ ಟೆಲಿಗ್ರಾಂ ಗ್ರೂಪಿನಲ್ಲಿ ‘ದಿನ 1 ಮುಗೀತು’, ‘ದಿನ 2 ಮುಗೀತು’ ಅಂತ ಹಾಕಬೇಕು. ಅಮ್ಮ ಅತ್ತರೆ ಅದನ್ನೂ ಬರೆಯಬೇಕು. ಬರೆದವರಿಗೆ ಬೆಂಕಿ ಇಮೋಜಿ ಬೀಳುತ್ತದೆ. ನನ್ನ ತಮ್ಮ ನಾಲ್ಕನೇ ದಿನ ಬರೆದಿದ್ದ. ಅವನಿಗೆ ಇಪ್ಪತ್ತಮೂರು ಬಿದ್ದಿತ್ತು.

ನನಗೆ ಸಿಟ್ಟು ನೆತ್ತಿಗೇರಿ ಬೈದೆ. ಅವನು ವಾರದಲ್ಲಿ ಮೊದಲ ಸಲ ಬಾಯಿ ಬಿಟ್ಟ. ‘ಒಂದು ವಿಡಿಯೋನೂ ನೋಡಿಲ್ಲ ನೀನು. ನೋಡದೆ ಮಾತಾಡಬೇಡ ಅಕ್ಕ’ ಅಂದ. ಆ ಮಾತು ಸರಿ ಅನ್ನಿಸಿತು. ಹಾಗಾಗಿ ನಾಲ್ಕು ರಾತ್ರಿ, ಅವನ ಪಕ್ಕದಲ್ಲೇ ಕೂತು, ಅವನ ಫೋನಿನಲ್ಲೇ 31 ವಿಡಿಯೋ ನೋಡಿದೆ. ಒಟ್ಟು ಐದೂವರೆ ಗಂಟೆ. ಮೂರು ಪಿಡಿಎಫ್ ಬೇರೆ.

ಚೆನ್ನಾಗಿರುವುದು ಇಲ್ಲವೇ ಇಲ್ಲ ಅಂದರೆ ಸುಳ್ಳು ಹೇಳಿದ ಹಾಗೆ. ಮೊದಲ ಎಂಟು ವಿಡಿಯೋ ಯಾರ ಮನೆಯಲ್ಲಿ ಬೇಕಾದರೂ ಹಾಕಬಹುದು. ರಾತ್ರಿ ಫೋನ್ ಬೇರೆ ರೂಮಿನಲ್ಲಿಡು, ಬೆಳಿಗ್ಗೆ ಬೇಗ ಏಳು, ದಂಡ ಹೊಡಿ, ಮೊಟ್ಟೆ ಕಡಲೆಕಾಳು ತಿನ್ನು, ಸಿಗರೇಟ್ ಮುಟ್ಟಬೇಡ, ಅಶ್ಲೀಲ ವಿಡಿಯೋ ಬಿಡು, ನೂರು ರೂಪಾಯಿ ಸಿಕ್ಕರೆ ಇಪ್ಪತ್ತು ಉಳಿಸು. ಹೇಳುವ ರೀತಿಯೂ ಹಿತವಾಗಿದೆ. ಅಚ್ಚ ಕನ್ನಡ, ನಮ್ಮ ಕಡೆಯ ಮಾತು, ಎರಡು ಮಾತಿಗೊಮ್ಮೆ ‘ತಮ್ಮಾ’ ಅನ್ನುತ್ತಾನೆ. ಮೂರನೇ ವಿಡಿಯೋದಲ್ಲಿ ಕ್ಯಾಮೆರಾ ಕಡೆ ನೋಡಿ, ‘ನೀನು ಹೆಂಗಿದೀಯ ಅಂತ ಕೊನೇ ಸಲ ಯಾರು ಕೇಳಿದ್ರು ತಮ್ಮಾ?’ ಅಂತ ಕೇಳಿ ಸುಮಾರು ಹೊತ್ತು ಸುಮ್ಮನಿರುತ್ತಾನೆ. ನಾನು ಬಹಳ ಹೊತ್ತು ಯೋಚಿಸಿದ್ದು ಆ ವಿಡಿಯೋ ಬಗ್ಗೆ. ಯಾಕೆಂದರೆ ನಾನು ಕೇಳಿರಲಿಲ್ಲ. ಫೋನ್ ಮಾಡಿದಾಗಲೆಲ್ಲ ‘ಓದ್ತಿದೀಯ ತಾನೆ’ ಅಂತ ಕೇಳಿ ಅಮ್ಮನಿಗೆ ಕೊಡು ಅನ್ನುತ್ತಿದ್ದೆ. ಅಪ್ಪ ಕೊಬ್ಬರಿ ಮಂಡಿಯಿಂದ ಬರುವುದೇ ರಾತ್ರಿ ಎಂಟೂವರೆಗೆ, ಬಂದವರು ಮಾರ್ಕ್ಸ್ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯನ್ನು ದುಡ್ಡು ತಗೊಂಡವನೊಬ್ಬ ಕೇಳಿದ.

ಒಂಬತ್ತನೇ ವಿಡಿಯೋದಿಂದ ದಾರಿ ತಿರುಗುತ್ತದೆ. ‘ನೀನು ಹೀಗಿರೋದಕ್ಕೆ ಕಾರಣ ಯಾರು ಗೊತ್ತಾ?’ ಅಂತ ಶುರುವಾಗಿ ಹೆಂಗಸರು ಅಂತ ಮುಗಿಯುತ್ತದೆ. ಅಲ್ಲಿಂದ ಮೂವತ್ತೊಂದರವರೆಗೆ ಅದೇ. ಬೇರೆ ಬೇರೆ ಅಂಗಿ ಹಾಕಿಕೊಂಡು ಅದೇ.

ಇಲ್ಲಿ ಅವನು ಸತ್ಯ ಅಂತ ಹೇಳುವ ಮೂರು ವಿಷಯ ತಗೊಂಡು ನಾವಿಬ್ಬರೂ ಹುಡುಕಿ ನೋಡಿದೆವು. ಬೈದರೆ ತಮ್ಮ ಕೇಳುತ್ತಿರಲಿಲ್ಲ, ಹುಡುಕೋಣ ಬಾ ಅಂದರೆ ಬಂದ.

ಒಂದು, ತೋಳ. ಕೋರ್ಸಿನ ಲೋಗೋ ತೋಳದ ಮುಖ, ಗ್ರೂಪಿನಲ್ಲಿ ಎಲ್ಲರ ಡಿಪಿಯೂ ತೋಳ. ತೋಳಗಳ ಗುಂಪಿನಲ್ಲಿ ಎಲ್ಲರನ್ನೂ ಹೊಡೆದು ಮೇಲೆ ಬಂದ ಒಂದು ಆಲ್ಫಾ ಇರುತ್ತದೆ, ಹೆಣ್ಣೆಲ್ಲ ಅದಕ್ಕೇ, ಉಳಿದವು ಬೀಟಾ, ಮನುಷ್ಯರೂ ಹಾಗೇ ಅನ್ನುವುದು ಪಾಠ. ಈ ಆಲ್ಫಾ ಕಥೆಯ ಬೇರು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿದೆ. ಅಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ ರುಡಾಲ್ಫ್ ಶೆಂಕೆಲ್ ಅನ್ನುವ ವಿಜ್ಞಾನಿ 1947ರಲ್ಲಿ ಬರೆದರು. ಗುರುತು ಪರಿಚಯ ಇಲ್ಲದ ಪ್ರಾಣಿಗಳನ್ನು ಒಂದೇ ಆವರಣದೊಳಗೆ ಬಿಟ್ಟರೆ ಕಚ್ಚಾಡದೆ ಏನು ಮಾಡುತ್ತವೆ? ಅಮೆರಿಕದ ಡೇವಿಡ್ ಮೆಕ್ ಅನ್ನುವ ತೋಳಗಳ ತಜ್ಞರು 1970ರ ತಮ್ಮ ಪುಸ್ತಕದಲ್ಲಿ ಅದೇ ಮಾತನ್ನು ಹೇಳಿ ಜನಪ್ರಿಯ ಮಾಡಿದರು. ಆಮೇಲೆ ಅವರೇ ಕೆನಡಾದ ಎಲ್ಸ್‌ಮಿಯರ್ ದ್ವೀಪಕ್ಕೆ ಬೇಸಿಗೆ ಬೇಸಿಗೆಗೂ ಹೋಗಿ ಕಾಡಿನ ತೋಳಗಳನ್ನು ಹತ್ತಿರದಿಂದ ನೋಡಿದರು. ಕಾಡಿನಲ್ಲಿ ಗುಂಪು ಅಂದರೆ ಸಾಮಾನ್ಯವಾಗಿ ಒಂದು ಸಂಸಾರ, ಅಪ್ಪ ಅಮ್ಮ ಮತ್ತು ಅವರ ಮರಿಗಳು, ಮುಂದೆ ನಡೆಸುವವರು ಹೆತ್ತವರು, ಅಲ್ಲಿ ಆಲ್ಫಾ ಅನ್ನುವ ಪದಕ್ಕೆ ಅರ್ಥವೇ ಇಲ್ಲ ಅಂತ 1999ರಲ್ಲಿ ತಾವೇ ಬರೆದು ತಿದ್ದಿದರು. ಆ ಹಳೇ ಪುಸ್ತಕ ಇನ್ನು ಅಚ್ಚು ಹಾಕಬೇಡಿ ಅಂತ ಪ್ರಕಾಶಕರನ್ನೂ ಕೇಳಿಕೊಂಡರು. ನಮ್ಮಲ್ಲೂ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಧಾಮ ಇದೆ. ಆ ಕಡೆ ಕುರಿ ಕಾಯುವವರನ್ನು ಕೇಳಿದರೆ ತೋಳ ಹೇಗೆ ಬದುಕುತ್ತದೆ ಅಂತ ಈ ಕೋರ್ಸಿನವನಿಗಿಂತ ಚೆನ್ನಾಗಿ ಹೇಳುತ್ತಾರೆ.

ತಮ್ಮನಿಗೆ ಇದು ತಟ್ಟಿತು. ಹೆಂಗಸರ ವಿಷಯಕ್ಕಿಂತ ತೋಳದ ವಿಷಯದಲ್ಲಿ ಮೋಸ ಹೋದದ್ದು ಅವನಿಗೆ ಜಾಸ್ತಿ ಬೇಜಾರಾಯಿತು. ಡಿಪಿ ತೆಗೆದ.

ಎರಡು, ‘80-20 ನಿಯಮ’. ನೂರರಲ್ಲಿ ಎಂಬತ್ತು ಹುಡುಗಿಯರು ಮೇಲಿನ ಇಪ್ಪತ್ತು ಹುಡುಗರ ಹಿಂದೆ ಮಾತ್ರ ಹೋಗುತ್ತಾರೆ, ನೀನು ಎತ್ತರ ಇಲ್ಲ, ಬೆಳ್ಳಗಿಲ್ಲ, ದುಡ್ಡಿಲ್ಲ, ನಿನಗೆ ಯಾರೂ ಸಿಗುವುದಿಲ್ಲ ಅಂತ. ಹದಿನಾರರ ಹುಡುಗನಿಗೆ ಇದನ್ನು ಹೇಳುವುದು ಎಷ್ಟು ಕ್ರೂರ ಅಂತ ನನಗೆ ಅವನ ಮುಖ ನೋಡಿದಾಗಲೇ ಅರ್ಥವಾಗಿದ್ದು. ಅವನು ನಮ್ಮ ಮನೆಯಲ್ಲಿ ಎಲ್ಲರಿಗಿಂತ ಕುಳ್ಳ. ಈ ಮಾತಿಗೆ ಆಧಾರ ಅಂತ ತೋರಿಸುವ ಅಂಕಿಗಳಲ್ಲಿ ಒಂದು 2009ರಲ್ಲಿ ಓಕೆಕ್ಯುಪಿಡ್ ಅನ್ನುವ ಡೇಟಿಂಗ್ ಜಾಲತಾಣದವರು ಹಾಕಿದ್ದು. ಫೋಟೋ ನೋಡಿ ಅಂಕ ಕೊಡಿ ಅಂದಾಗ ಹೆಂಗಸರು ಎಂಬತ್ತು ಶೇಕಡಾ ಗಂಡಸರನ್ನು ಸಾಧಾರಣಕ್ಕಿಂತ ಕೆಳಗೆ ಇಟ್ಟಿದ್ದರು, ಅದು ನಿಜ. ಆದರೆ ಅದೇ ಬರಹದಲ್ಲೇ ಮುಂದಿನ ಭಾಗ ಇದೆ. ಮೆಸೇಜ್ ಕಳಿಸುವಾಗ ಹೆಂಗಸರು ತಾವೇ ಕಡಿಮೆ ಅಂಕ ಕೊಟ್ಟಿದ್ದ ಸಾಧಾರಣ ಮುಖದವರಿಗೂ ಧಾರಾಳವಾಗಿ ಕಳಿಸಿದ್ದರು, ಚೆಂದದ ಮುಖಗಳ ಹಿಂದೆಯೇ ಮುಗಿಬಿದ್ದವರು ಗಂಡಸರು. ಅರ್ಧ ತೋರಿಸಿ ಅರ್ಧ ಮುಚ್ಚಿದ್ದಾರೆ. ಮೇಲಾಗಿ ಅಮೆರಿಕದ ಒಂದು ಡೇಟಿಂಗ್ ಸೈಟಿನ ಲೆಕ್ಕಕ್ಕೂ ತಿಪಟೂರಿನ ಬಸ್ ಸ್ಟ್ಯಾಂಡಿಗೂ ಏನು ಸಂಬಂಧ ಹೇಳಿ?

ಮೂರನೆಯದು ಕಷ್ಟದ್ದು. ‘ಕಾನೂನು, ಪೊಲೀಸು, ಕೋರ್ಟು ಎಲ್ಲಾ ಹೆಂಗಸರ ಕಡೆ, ಗಂಡಸು ಸತ್ತರೂ ಕೇಳೋರಿಲ್ಲ’ ಅನ್ನುವ ಪಾಠ. 2024ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಟೆಕ್ಕಿಯೊಬ್ಬರು ಹೆಂಡತಿ ಮತ್ತು ಅವರ ಮನೆಯವರ ಮೇಲೆ ದೂರಿ ಜೀವ ಕಳೆದುಕೊಂಡರಲ್ಲ, ಆ ಸುದ್ದಿಯ ತುಣುಕುಗಳನ್ನು ಸೇರಿಸಿ, ದುಃಖದ ಮ್ಯೂಸಿಕ್ ಹಾಕಿ, ಇಪ್ಪತ್ತು ನಿಮಿಷದ ವಿಡಿಯೋ ಮಾಡಿದ್ದಾನೆ. ನೋಡುವಾಗ ನನಗೂ ಅಳು ಬಂತು. ಆ ಸಾವಿನ ನೋವು ನಿಜ. ಗಂಡಸರ ಸಂಕಟವೂ ನಿಜ, ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ (ಎನ್‌ಸಿಆರ್‌ಬಿ) ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆ ಮಾಡಿಕೊಂಡಿದ್ದಾರೆ, ಅದರಲ್ಲಿ ನೂರಕ್ಕೆ ಸುಮಾರು 72 ಗಂಡಸರು. ಈ ಸಂಖ್ಯೆಯನ್ನು ಕೋರ್ಸಿನವನೂ ಹೇಳುತ್ತಾನೆ, ಆದರೆ ಹೇಳಿ ನೇರ ಹೆಂಡತಿಯರ ತಲೆಗೆ ಕಟ್ಟುತ್ತಾನೆ. ಸಾಲ, ಕುಡಿತ, ಕಾಯಿಲೆ, ಕೆಲಸ ಹೋದದ್ದು, ಪರೀಕ್ಷೆ, ಯಾವುದರ ಮಾತೂ ಇಲ್ಲ. ಮನಸ್ಸು ತೀರಾ ಕುಗ್ಗಿದರೆ ಎಲ್ಲಿಗೆ ಫೋನ್ ಮಾಡಬೇಕು ಅಂತ ಐದೂವರೆ ಗಂಟೆಯಲ್ಲಿ ಒಂದು ಸಲವೂ ಹೇಳುವುದಿಲ್ಲ. 14416. ಟೆಲಿ ಮಾನಸ್ ಅಂತ, ಸರ್ಕಾರದ್ದು, ಪುಕ್ಕಟೆ, ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರ, ಕನ್ನಡದಲ್ಲೇ ಮಾತಾಡುತ್ತಾರೆ. ಗಂಡಸರ ಜೀವದ ಬಗ್ಗೆ ಅಷ್ಟೊಂದು ಕಾಳಜಿ ಇದ್ದವನು ಐದು ಅಂಕಿ ಹೇಳಬಹುದಿತ್ತು.

ಮತ್ತೆ ‘ಎಲ್ಲಾ ಅಧಿಕಾರ ಹೆಂಗಸರದ್ದೇ’ ಅನ್ನುವುದಕ್ಕೆ ಒಂದೇ ಲೆಕ್ಕ ಸಾಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದಲ್ಲಿ 18ರಿಂದ 49 ವರ್ಷದ ಮದುವೆಯಾದ ಹೆಂಗಸರಲ್ಲಿ 44.4 ಶೇಕಡಾ ಗಂಡನ ಕೈಯಲ್ಲಿ ಹಿಂಸೆ ಅನುಭವಿಸಿದ್ದೇವೆ ಅಂದಿದ್ದಾರೆ. ದೇಶದಲ್ಲೇ ಹೆಚ್ಚು ನಮ್ಮ ರಾಜ್ಯದಲ್ಲಿ. ತಮ್ಮ ನಂಬಲಿಲ್ಲ. ನಾನು ನಮ್ಮ ಬೀದಿಯ ಮನೆಗಳನ್ನು ಒಂದೊಂದಾಗಿ ಎಣಿಸಿದೆ, ಈ ಮನೆ, ಆ ಮನೆ, ಅದರಾಚೆ ಮನೆ, ರಾತ್ರಿ ಯಾವ ಮನೆಯಿಂದ ಸದ್ದು ಬರುತ್ತಿತ್ತು ಅಂತ. ನಮ್ಮ ದೊಡ್ಡಮ್ಮನ ಹೆಸರು ಬರುವಷ್ಟರಲ್ಲಿ ಅವನೇ ‘ಸಾಕು ಅಕ್ಕ’ ಅಂದ.

ಕೋರ್ಸಿನ ವಿಡಿಯೋಗಳಿಗಿಂತ ಕೆಟ್ಟದ್ದು ಗ್ರೂಪ್. ವಿಡಿಯೋದಲ್ಲಿ ‘ಅಣ್ಣ’, ಅಂದರೆ ಕೋರ್ಸಿನವನು, ಅಳೆದು ತೂಗಿ ಮಾತಾಡುತ್ತಾನೆ, ಗ್ರೂಪಿನಲ್ಲಿ ಅಡ್ಮಿನ್‌ಗಳು ಬಾಯಿಗೆ ಬಂದ ಹಾಗೆ ಬರೆಯುತ್ತಾರೆ. ಕ್ಲಾಸಿನ ಹುಡುಗಿಯರ ಇನ್‌ಸ್ಟಾಗ್ರಾಂ ಫೋಟೋ ಹಾಕಿ ಅಂಕ ಕೊಡುತ್ತಾರೆ. ಹುಡುಗಿಯರ ಪರವಾಗಿ ಯಾರಾದರೂ ಒಂದು ಮಾತು ಆಡಿದರೆ ‘ಸಿಂಪ್’ (ಹುಡುಗಿಯರ ಹಿಂದೆ ಬಾಲ ಅಲ್ಲಾಡಿಸುವವನು) ಅಂತಾರೆ, ‘ಬಳೆ ತೊಟ್ಕೋ ಹೋಗು’ ಅಂತಾರೆ. ಇದೆಲ್ಲ ತಮಾಷೆ ಅಕ್ಕ, ಯಾರೂ ನಿಜವಾಗಿ ಏನೂ ಮಾಡಲ್ಲ ಅಂದ ತಮ್ಮ. ಮಾಡುತ್ತಾರೆ ಕಣೋ. 2022ರ ಜನವರಿ 1ರಂದು ‘ಬುಲ್ಲಿ ಬಾಯಿ’ ಅನ್ನುವ ಆ್ಯಪಿನಲ್ಲಿ ನೂರಕ್ಕೂ ಹೆಚ್ಚು ಮುಸ್ಲಿಂ ಹೆಂಗಸರ ಫೋಟೋ ಹಾಕಿ ‘ಹರಾಜು’ ಅಂತ ಬರೆದಿದ್ದರು. ಆ ಕೇಸಿನಲ್ಲಿ ಮುಂಬೈ ಪೊಲೀಸರು ಮೊದಲು ಹಿಡಿದದ್ದೇ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ 21 ವರ್ಷದ ಹುಡುಗನನ್ನು. 2025ರ ಜುಲೈನಲ್ಲಿ ನಟಿ ರಮ್ಯಾ ಅವರು ರೇಣುಕಾಸ್ವಾಮಿ ಕೊಲೆ ಕೇಸಿನ ಬಗ್ಗೆ ಒಂದು ಪೋಸ್ಟ್ ಹಾಕಿದ್ದಕ್ಕೆ ಅತ್ಯಾಚಾರದ ಬೆದರಿಕೆವರೆಗೂ ಮೆಸೇಜ್ ಬಂತು, ಅವರು 43 ಅಕೌಂಟುಗಳ ಮೇಲೆ ಬೆಂಗಳೂರು ಪೊಲೀಸ್ ಕಮಿಷನರಿಗೆ ದೂರು ಕೊಟ್ಟರು, ಹುಡುಗರು ಅರೆಸ್ಟ್ ಆದರು. ಆ ಮೆಸೇಜ್ ಟೈಪ್ ಮಾಡುವಾಗ ಅವರಿಗೂ ಅದು ತಮಾಷೆ ಅಂತಲೇ ಅನ್ನಿಸಿರಬಹುದು. ರಮ್ಯಾ ಅವರ ಹಿಂದೆ ಹೆಸರಿತ್ತು, ಧೈರ್ಯ ಇತ್ತು. ತಮ್ಮನ ಕ್ಲಾಸಿನ ಹುಡುಗಿ ಯಾರಿಗೆ ಹೇಳಬೇಕು? ಮನೆಯಲ್ಲಿ ಹೇಳಿದರೆ ಮೊದಲು ಅವಳ ಫೋನ್ ಕಿತ್ತುಕೊಳ್ಳುತ್ತಾರೆ, ಆಮೇಲೆ ಕಾಲೇಜು ಬಿಡಿಸುತ್ತಾರೆ.

ಆ ಗ್ರೂಪಿನಲ್ಲಿ ದುಡ್ಡಿನ ವ್ಯವಹಾರವೂ ಇದೆ, ಅದು ಅರ್ಥವಾದರೆ ಉಳಿದದ್ದೆಲ್ಲ ಅರ್ಥವಾಗುತ್ತದೆ. ಇನ್ನೊಬ್ಬ ಹುಡುಗನನ್ನು ಸೇರಿಸಿದರೆ ನಿನಗೆ 600 ರೂಪಾಯಿ. ಸೇರಿಸಬೇಕಾದರೆ ಅಣ್ಣನ ವಿಡಿಯೋ ಕತ್ತರಿಸಿ ನಿನ್ನ ಅಕೌಂಟಿನಲ್ಲಿ ರೀಲ್ಸ್ ಹಾಕು, ಕೆಳಗೆ ಲಿಂಕ್ ಕೊಡು. ಯಾವ ತುಣುಕು ಓಡುತ್ತದೆ? ಬೇಗ ಏಳು ಅನ್ನುವುದು ಓಡಲ್ಲ, ಹೆಂಗಸರನ್ನು ಬೈದದ್ದು ಓಡುತ್ತದೆ. ಹಾಗಾಗಿ ಅದನ್ನೇ ಕತ್ತರಿಸುತ್ತಾರೆ. ಈ ಉಪಾಯ ಇವನದ್ದಲ್ಲ. ಆಂಡ್ರ್ಯೂ ಟೇಟ್ ಅನ್ನುವ ಬ್ರಿಟಿಷ್-ಅಮೆರಿಕನ್ ಮಾಜಿ ಕಿಕ್‌ಬಾಕ್ಸರ್ ‘ಹಸ್ಲರ್ಸ್ ಯೂನಿವರ್ಸಿಟಿ’ ಅಂತ ತಿಂಗಳಿಗೆ 49 ಡಾಲರ್‌ನ ಕೋರ್ಸ್ ಮಾಡಿ, ಸದಸ್ಯರ ಕೈಯಲ್ಲೇ ಹೀಗೆ ತುಣುಕು ಹಂಚಿಸಿದ. 2022ರ ಆಗಸ್ಟ್ ಹೊತ್ತಿಗೆ ಅವನಿಗೆ ಒಂದು ಲಕ್ಷಕ್ಕೂ ಜಾಸ್ತಿ ಸದಸ್ಯರಿದ್ದರು, ಟಿಕ್‌ಟಾಕ್‌ನಲ್ಲಿ ಅವನ ಹೆಸರಿನ ಹ್ಯಾಶ್‌ಟ್ಯಾಗ್ ಇದ್ದ ವಿಡಿಯೋಗಳು ಸಾವಿರ ಕೋಟಿ ಸಲಕ್ಕಿಂತ ಹೆಚ್ಚು ಓಡಿದ್ದವು. ಆ ಆಗಸ್ಟ್‌ನಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಟಿಕ್‌ಟಾಕ್, ಯೂಟ್ಯೂಬ್ ಎಲ್ಲರೂ ಅವನನ್ನು ತೆಗೆದುಹಾಕಿದರು. ಡಿಸೆಂಬರ್‌ನಲ್ಲಿ ರೊಮೇನಿಯಾದಲ್ಲಿ ಅರೆಸ್ಟ್ ಆದ, ಮಾನವ ಕಳ್ಳಸಾಗಣೆ ಮತ್ತು ಅತ್ಯಾಚಾರದ ಆರೋಪ ಹೊರಿಸಿದರು, ಅವನು ಎಲ್ಲವನ್ನೂ ಅಲ್ಲಗಳೆದಿದ್ದಾನೆ. ಅವನ ಅಕೌಂಟ್ ಹೋದರೂ ಹುಡುಗರು ಹಾಕಿದ ತುಣುಕುಗಳು ಓಡುತ್ತಲೇ ಇದ್ದವು. ತಿಪಟೂರಿಗೆ ಬಂದಿರುವುದು ಅದರದೇ ಕನ್ನಡದ ನಕಲು.

ಕ್ಲಿಪ್ ಮಾಡಿದ ಹುಡುಗರಲ್ಲಿ ನನ್ನ ತಮ್ಮನೂ ಒಬ್ಬ. ಮೂರು ಹಾಕಿದ್ದ. ಒಂದಕ್ಕೆ ಹದಿನೆಂಟು ಸಾವಿರ ವ್ಯೂಸ್ ಬಂದಿತ್ತು. ಇದನ್ನು ಬರೆಯಬಹುದಾ ಅಂತ ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ.

ಇವನು ಇದನ್ನು ಹುಡುಕಿಕೊಂಡು ಹೋದನಾ ಅಂತ ನನಗೆ ಬಹಳ ಕಾಡಿತು. ಹೋಗಿಲ್ಲ. ದಪ್ಪ ಇದ್ದೀನಿ ಅಂತ ಹೊಟ್ಟೆ ಕರಗಿಸುವ ವ್ಯಾಯಾಮ ಹುಡುಕಿದ್ದ, ಅಷ್ಟೇ. ಅಲ್ಲಿಂದ ಜಿಮ್ ಹುಡುಗರು, ಜಿಮ್‌ನಿಂದ ‘ಶಿಸ್ತು’, ಶಿಸ್ತಿನಿಂದ ‘ಹುಡುಗಿಯರ ಹಿಂದೆ ಹೋಗಬೇಡ’, ಅಲ್ಲಿಂದ ‘ಹುಡುಗಿಯರೆಲ್ಲ ಹೀಗೇ’. ಐರ್ಲೆಂಡಿನ ಡಬ್ಲಿನ್ ಸಿಟಿ ಯೂನಿವರ್ಸಿಟಿಯವರು 2024ರಲ್ಲಿ ಇದನ್ನೇ ಪರೀಕ್ಷೆ ಮಾಡಿ ತೋರಿಸಿದ್ದಾರೆ. ಹದಿಹರೆಯದ ಹುಡುಗರ ಹೆಸರಿನಲ್ಲಿ ಹೊಸ ಅಕೌಂಟುಗಳನ್ನು ತೆರೆದು ಟಿಕ್‌ಟಾಕ್ ಮತ್ತು ಯೂಟ್ಯೂಬ್ ಶಾರ್ಟ್ಸ್ ನೋಡಿದರು. ಕೆಲವು ಅಕೌಂಟಿನಲ್ಲಿ ಬರೀ ಜಿಮ್, ಆಟ, ಗೇಮ್ ಅಂತ ಹುಡುಕಿದರು. ಏನು ಹುಡುಕಿದರೂ ಸರಿ, ಪ್ರತಿ ಅಕೌಂಟಿಗೂ 23 ನಿಮಿಷದೊಳಗೆ ಗಂಡಸೇ ಮೇಲು ಅನ್ನುವ, ಸ್ತ್ರೀವಾದವನ್ನು ಹೀಗಳೆಯುವ, ಇಲ್ಲವೇ ಅಂಥದ್ದೇ ವಿಷದ ವಿಡಿಯೋ ಬಂತು. ಎರಡು ಮೂರು ಗಂಟೆ ನೋಡುವಷ್ಟರಲ್ಲಿ ಬರುವ ವಿಡಿಯೋಗಳಲ್ಲಿ ನಾಲ್ಕರಲ್ಲಿ ಮೂರು ಅಂಥವೇ. ಟಿಕ್‌ಟಾಕ್ ನಮ್ಮಲ್ಲಿ 2020ರಲ್ಲೇ ಬ್ಯಾನ್ ಆಗಿದೆ, ಆದರೆ ಶಾರ್ಟ್ಸ್, ರೀಲ್ಸ್ ಎಲ್ಲರ ಕೈಯಲ್ಲೂ ಇದೆ. 23 ನಿಮಿಷ ಅಂದರೆ ನಮ್ಮ ತಮ್ಮ ಕಾಲೇಜಿನಿಂದ ಬಸ್ಸಿನಲ್ಲಿ ಮನೆಗೆ ಬರುವಷ್ಟು ಹೊತ್ತು.

ಮೂರನೇ ರಾತ್ರಿ ವಿಡಿಯೋ ನೋಡುವುದು ಬಿಟ್ಟು ಅವನು ಮಾತಾಡಿದ. ಕ್ಲಾಸಿನ ಒಬ್ಬಳು ಹುಡುಗಿಗೆ ಮೆಸೇಜ್ ಮಾಡಿದ್ದನಂತೆ. ಅವಳು ಬೇಡ ಅಂದಳು, ಮರ್ಯಾದೆಯಿಂದಲೇ ಅಂದಳು. ಆದರೆ ಆ ಸ್ಕ್ರೀನ್‌ಶಾಟ್ ಯಾರ ಕೈಗೋ ಸಿಕ್ಕಿ ಹುಡುಗರೆಲ್ಲ ನೋಡಿ ಒಂದು ತಿಂಗಳು ಆಡಿಕೊಂಡರು. ನಗಾಡಿದವರು ಹುಡುಗರು. ಅಡ್ಡಹೆಸರಿಟ್ಟವರು ಹುಡುಗರು. ಸಿಟ್ಟು ಬಂದದ್ದು ಮಾತ್ರ ಹುಡುಗಿಯ ಮೇಲೆ, ಯಾಕೆಂದರೆ ಆ ಹೊತ್ತಿಗೆ ಫೋನಿನಲ್ಲಿ ಒಬ್ಬ ಅಣ್ಣ ತಪ್ಪು ಅವಳದ್ದೇ ಅಂತ ದಿನಾ ಹೇಳುತ್ತಿದ್ದ. ಇದನ್ನು ಹೇಳುವಾಗ ತಮ್ಮ ಅತ್ತ. ಅತ್ತಿದ್ದಕ್ಕೆ ನಾಚಿಕೊಂಡು ಎದ್ದು ಹೋಗಿ ಮುಖ ತೊಳೆದು ಬಂದ, ಅದೂ ಆ ಕೋರ್ಸಿನಲ್ಲೇ ಕಲಿತದ್ದು.

1997ರಲ್ಲಿ ಕೆನಡಾದಲ್ಲಿ ಒಬ್ಬಳು ವಿದ್ಯಾರ್ಥಿನಿ, ಜೊತೆ ಸಿಗದೆ ಒಂಟಿಯಾಗಿರುವವರು ಪರಸ್ಪರ ಮಾತಾಡಿಕೊಳ್ಳಲಿ ಅಂತ ಒಂದು ವೆಬ್‌ಸೈಟ್ ಶುರು ಮಾಡಿದ್ದಳು. ಗಂಡು ಹೆಣ್ಣು ಎಲ್ಲರಿಗೂ. ‘ಇನ್ಸೆಲ್’ ಅನ್ನುವ ಪದ ಬಂದದ್ದು ಅಲ್ಲಿಂದ. ಈಗ ಅದೇ ಪದವನ್ನು ಹೆಂಗಸರನ್ನು ದ್ವೇಷಿಸುವ ಗುಂಪುಗಳು ಇಟ್ಟುಕೊಂಡಿವೆ. ತಮ್ಮನಿಗೆ ಇದನ್ನು ಹೇಳಿದೆ. ‘ಆ ಮೊದಲಿನ ವೆಬ್‌ಸೈಟ್ ಈಗ ಇದೆಯಾ?’ ಅಂತ ಕೇಳಿದ. ಆ ಪ್ರಶ್ನೆ ಇನ್ನೂ ನನ್ನ ತಲೆಯಲ್ಲಿದೆ. ಅವನಿಗೆ ಬೇಕಾಗಿದ್ದದ್ದು ಅಂಥದ್ದೇ ಒಂದು ಜಾಗ.

ಗ್ರಾಹಕರ ಸೇವೆ ಬಗ್ಗೆಯೂ ಹೇಳಬೇಕು. ರಿಫಂಡ್ ಕೇಳಿ ಮೇಲ್ ಮಾಡಿದೆ. ‘ಗೆಲ್ಲೋರು ರಿಫಂಡ್ ಕೇಳಲ್ಲ’ ಅಂತ ಒಂದು ಸಾಲಿನ ಉತ್ತರ ಬಂತು. ಎರಡನೇ ಮೇಲ್‌ನಲ್ಲಿ ಹುಡುಗನಿಗೆ ಹದಿನೆಂಟು ಆಗಿಲ್ಲ, 1872ರ ಕರಾರು ಕಾಯ್ದೆಯ ಪ್ರಕಾರ ಅಪ್ರಾಪ್ತ ವಯಸ್ಸಿನವರ ಜೊತೆ ಮಾಡಿಕೊಂಡ ಕರಾರಿಗೆ ಬೆಲೆ ಇಲ್ಲ, ಫೋನ್ ಅವನ ತಾಯಿಯದ್ದು, ಅವರನ್ನು ಕೇಳಿಲ್ಲ ಅಂತ ಬರೆದೆ. ಉತ್ತರ ಇಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದ್ದೇನೆ. ಹುಡುಗಿಯರ ಫೋಟೋ ಹಾಕಿದ್ದಕ್ಕೆ ಸೈಬರ್ ಕ್ರೈಂನ 1930ಕ್ಕೂ ಹೇಳಿದ್ದೇನೆ, ಸ್ಕ್ರೀನ್‌ಶಾಟ್‌ಗಳನ್ನು ತಮ್ಮನೇ ತೆಗೆದುಕೊಟ್ಟ. ಆಮೇಲೆ ಗ್ರೂಪಿನಿಂದ ಹೊರಗೆ ಬಂದ. ಬರುವ ಮುಂಚೆ ಒಂದು ಕೆಲಸ ಮಾಡಿದ, ತಾನು ಸೇರಿಸಿದ್ದ ಒಬ್ಬ ಹುಡುಗನಿಗೆ ಫೋನ್ ಮಾಡಿ ತೋಳದ ಕಥೆ ಹೇಳಿದ. ಆ ಹುಡುಗ ಒಂಬತ್ತನೇ ಕ್ಲಾಸು.

ಎಲ್ಲಾ ಸರಿಹೋಯಿತು ಅಂತ ಬರೆಯುವುದಿಲ್ಲ. ಫೋನ್ ಕಿತ್ತುಕೊಳ್ಳಲಿಲ್ಲ, ಕಿತ್ತುಕೊಂಡರೆ ಫ್ರೆಂಡ್ ಫೋನಿನಲ್ಲಿ ನೋಡುತ್ತಾನೆ. ಶಾರ್ಟ್ಸ್‌ನಲ್ಲಿ ಇನ್ನೂ ಅವೇ ಬರುತ್ತವೆ, ಇಬ್ಬರೂ ಕೂತು ನೋಡಿದ್ದರ ಹಿಸ್ಟರಿ ಅಳಿಸಿದೆವು, ‘ಆಸಕ್ತಿ ಇಲ್ಲ’ ಅಂತ ಒತ್ತಿದೆವು, ಸ್ವಲ್ಪ ಕಡಿಮೆಯಾಗಿದೆ. ಮೊನ್ನೆ ಫೋನಿನಲ್ಲಿ ಏನೋ ವಾದಕ್ಕೆ ‘ನಿಮ್ಮಂಥ ಹೆಂಗಸರಿಗೆ...’ ಅಂತ ಶುರು ಮಾಡಿ ಅಲ್ಲೇ ನಿಲ್ಲಿಸಿದ. ನಾನೂ ಮುಂದೆ ಕೆದಕಲಿಲ್ಲ. ಈಗ ವಾರಕ್ಕೆ ಎರಡು ಸಲ ಅವನಿಗೇ ಫೋನ್ ಮಾಡುತ್ತೇನೆ, ಓದಿನ ಸುದ್ದಿ ಎತ್ತುವುದಿಲ್ಲ. ಅಪ್ಪನಿಗೆ ಇದೆಲ್ಲ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು, ಮರುದಿನ ಭಾನುವಾರ ಅವನನ್ನು ಬೈಕಿನಲ್ಲಿ ಕೂರಿಸಿಕೊಂಡು ತೋಟಕ್ಕೆ ಹೋದರು. ಏನು ಮಾತಾಡಿದರೋ ಇಬ್ಬರೂ ಹೇಳಿಲ್ಲ.

ಒಂದು ಸ್ಟಾರ್ ಕೂಡ ಕೊಡುವುದಿಲ್ಲ. ಮೊದಲ ಎಂಟು ವಿಡಿಯೋಗೆ ಕೊಡಬಹುದಲ್ಲ ಅಂತ ತಮ್ಮ ಅಂದ. ಆ ಎಂಟು ಇಲ್ಲದಿದ್ದರೆ ಅವನು ಹತ್ತೊಂಬತ್ತನೆಯದರವರೆಗೆ ಹೋಗುತ್ತಲೇ ಇರಲಿಲ್ಲ, ಅದಕ್ಕೇ ಕೊಡುವುದಿಲ್ಲ. ದಂಡ ಹೊಡೆಯುವುದನ್ನು ಅವನು ಬಿಟ್ಟಿಲ್ಲ, ಬಿಡುವುದೂ ಬೇಡ, ಅದಕ್ಕೆ ಯಾರಿಗೂ ದುಡ್ಡು ಕೊಡಬೇಕಾಗಿಲ್ಲ.

2,999 ರೂಪಾಯಿ ಇನ್ನೂ ವಾಪಸ್ ಬಂದಿಲ್ಲ. ಅಷ್ಟರಲ್ಲಿ ಅಮ್ಮ ಅವನಿಗೆ ಲೆಕ್ಕ ಹಾಕಿಕೊಟ್ಟಿದ್ದಾಳೆ. ಒಂದು ಬ್ಲೌಸಿಗೆ ಹುಕ್ಸ್ ಹೊಲಿದರೆ 15 ರೂಪಾಯಿ ವಜಾ. ಸಂಜೆ ಅಮ್ಮನ ಮಷೀನಿನ ಪಕ್ಕ ಕೂತು ಹೊಲಿಯುತ್ತಾನೆ, ಇವತ್ತಿಗೆ ಮೂವತ್ತೆಂಟು ಆಗಿದೆಯಂತೆ. ಮೊದಮೊದಲು ಬಾಗಿಲು ಹಾಕಿಕೊಂಡು ಹೊಲಿಯುತ್ತಿದ್ದ. ಈಗ ತೆಗೆದೇ ಇರುತ್ತದೆ ಅಂತ ಅಮ್ಮ ಹೇಳಿದಳು.